ಓರಗಿತ್ತಿಯ ಹುಲ್ಲುಗದ್ದೆ

ಗಂಗೊಳ್ಳಿ ಅಳಿವೆಯ ನೀರಿನಡಿಯಲ್ಲಿ ಮನೆಗೊಂದರಂತೆ ಹುಲ್ಲುಗದ್ದೆ ಹಂಚಿದ ಮೇಲೆ ಊರಿನ ಹೆಂಗಸರ ಬಾಯಿಗೆ ಹೊಸ ವಿಷಯ ಸಿಕ್ಕಿತು. ಅದುವರೆಗೆ ಯಾರ ಸೊಸೆಯ ಕೈಯ ಸಾರು ರುಚಿ, ಯಾರ ಮಗಳ ಜಡೆ ಉದ್ದ ಎಂದು ಹೋಲಿಸುತ್ತಿದ್ದವರು ಈಗ ಯಾರ ಗದ್ದೆಯ ಹುಲ್ಲು ದಟ್ಟ ಎಂದು ಹೋಲಿಸತೊಡಗಿದರು. ನೀರು ಇಳಿದ ಹೊತ್ತಿನಲ್ಲಿ ದೋಣಿಯಲ್ಲಿ ಹೋಗುವವರೆಲ್ಲ ಬಗ್ಗಿ ಬಗ್ಗಿ ನೋಡುವುದು, ಲೊಚಗುಟ್ಟುವುದು. ಹಾಗೆ ನೋಡಿ ಬಂದವರ ಬಾಯಲ್ಲಿ ಕೊನೆಗೆ ಬರುತ್ತಿದ್ದ ಹೆಸರು ಒಂದೇ, ಸನ್ನಿಧಿ.

ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನಿಶ್ಮಿತಾಳ ಹೊಟ್ಟೆ ಧಗಧಗ ಉರಿಯುತ್ತಿತ್ತು. ಸನ್ನಿಧಿ ಪರಕೀಯಳಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೋ ಏನೋ. ಆದರೆ ಅವಳು ಮೈದುನನ ಹೆಂಡತಿ, ಖಾಸಾ ಓರಗಿತ್ತಿ. ಒಂದೇ ಮನೆ, ಒಂದೇ ಅಡುಗೆಕೋಣೆ, ಮೆಚ್ಚಿಸಬೇಕಾದ ಅತ್ತೆಯೂ ಒಬ್ಬಳೇ.

ಕಡಲಹುಲ್ಲು ಎಂದರೆ ಪಾಚಿಯಲ್ಲ ಎಂದು ಆ ಮನೆಯವರಿಗೆ ಮೊದಲು ತಿಳಿಸಿ ಹೇಳಿದವಳೇ ನಿಶ್ಮಿತಾ. ಅದು ಬೇರು, ಕಾಂಡ, ಎಲೆ, ಹೂವು ಎಲ್ಲ ಇರುವ ಅಪ್ಪಟ ಗಿಡ. ಅದರ ಸಂದಿಯಲ್ಲಿ ಸಿಗಡಿ ಮರಿಗಳು ಬೆಳೆಯುತ್ತವೆ, ಏಡಿ ಅಡಗುತ್ತದೆ, ಅದರ ಬೇರು ದಂಡೆಯ ಮಣ್ಣನ್ನು ಹಿಡಿದಿಡುತ್ತದೆ. ಸಮುದ್ರ ವರ್ಷದಿಂದ ವರ್ಷಕ್ಕೆ ಜ್ವರ ಬಂದವರ ಹಣೆಯಂತೆ ಸುಡತೊಡಗಿ ಹುಲ್ಲು ಬೆಂದುಹೋದಾಗ ಹಿಂದೆಯೇ ಮೀನೂ ಹೋಯಿತು, ದಂಡೆಯ ತೆಂಗಿನಮರಗಳೂ ಒಂದೊಂದಾಗಿ ನೀರಿಗೆ ಉರುಳಿದವು. ಆಗ ಸರಕಾರ ಅಳಿವೆ ಕೇಂದ್ರ ಎಂಬುದೊಂದನ್ನು ತೆರೆಯಿತು. ಆಳಸಮುದ್ರದ ತಣ್ಣೀರನ್ನು ದೊಡ್ಡ ಪಂಪಿನಿಂದ ಎಳೆದು, ಕೊಳವೆಗಳಲ್ಲಿ ತಂದು, ಹುಲ್ಲುಗದ್ದೆಗಳ ಬುಡಕ್ಕೆ ಬಿಡುವುದು ಅದರ ಕೆಲಸ. ಬಿಸಿಲು ಎಷ್ಟೇ ಏರಲಿ, ಗದ್ದೆಯ ನೀರು ಮಾತ್ರ ತಂಪಾಗಿರಬೇಕು.

ಡಿಪ್ಲೊಮಾ ಓದಿದ ನಿಶ್ಮಿತಾಳಿಗೆ ಆ ಕೇಂದ್ರದ ಪಂಪುಮನೆಯಲ್ಲಿ ಕೆಲಸ ಸಿಕ್ಕಿತು. ಒಂದು ಕಡೆ ಗದ್ದೆಗಳ ಬಿಸಿ ತೋರಿಸುವ ಪರದೆಗಳು, ಇನ್ನೊಂದು ಕಡೆ ಗೋಡೆಯುದ್ದಕ್ಕೂ ಸಾಲಾಗಿ ಕಬ್ಬಿಣದ ಗಾಲಿಗಳು. ಗದ್ದೆಗೊಂದು ಗಾಲಿ, ತಿರುಗಿಸಿದರೆ ಆ ಗದ್ದೆಯ ತಣ್ಣೀರು ಬಂದ್. ಕೊಳವೆಯಲ್ಲಿ ಹೂಳು ಕೂತಾಗ ತೊಳೆಯಲು ಅದನ್ನು ಆಗಾಗ ಬಂದ್ ಮಾಡುವ ಅಧಿಕಾರವೂ ಅವಳಿಗಿತ್ತು. ಕೇಂದ್ರದ ಮಾದರಿ ಗದ್ದೆಯನ್ನು ನೋಡಿಕೊಳ್ಳುವವಳೂ ಅವಳೇ. ಮನೆಯ ಗದ್ದೆಗೆ ಇಳಿಯಲು ಪುರುಸೊತ್ತಿಲ್ಲದೆ ಅದನ್ನು ಹೊಸದಾಗಿ ಮದುವೆಯಾಗಿ ಬಂದ ಸನ್ನಿಧಿಗೆ ವಹಿಸಿದಳು. ಹೇಗೆ ನೆಡಬೇಕು, ಬೇರಿಗೆ ಎಷ್ಟು ಕೆಸರು ಒತ್ತಬೇಕು ಎಂದು ಸೊಂಟ ಬಗ್ಗಿಸಿ, ಕೈ ಹಿಡಿದು ಕಲಿಸಿದಳು. ಕಲಿತವಳ ಗದ್ದೆ ಕಲಿಸಿದವಳ ಮಾದರಿ ಗದ್ದೆಯನ್ನು ಒಂದೇ ಮಳೆಗಾಲದಲ್ಲಿ ಹಿಂದೆ ಹಾಕಿತು. ಇದಕ್ಕಿಂತ ದೊಡ್ಡ ಅನ್ಯಾಯ ಪ್ರಪಂಚದಲ್ಲಿ ಉಂಟೆ ಎಂದು ನಿಶ್ಮಿತಾಳಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಒಂದು ಮಧ್ಯಾಹ್ನ ಸನ್ನಿಧಿ ತನ್ನ ಗದ್ದೆಯಲ್ಲೇ ಹಿಡಿದ ಕಾಣೆ ಮೀನು ತಂದಳು. ಎಷ್ಟೋ ವರ್ಷಗಳ ಮೇಲೆ ಆ ಮನೆಯ ಬಾಣಲೆಗೆ ಅಳಿವೆಯ ಕಾಣೆ ಬಿದ್ದದ್ದು. ಅತ್ತೆ ಸುಪ್ರೀತಾ (ಆ ಕಾಲಕ್ಕೆ ಸುಪ್ರೀತಾ ಎಂಬುದು ಮುದುಕಿಯರ ಹೆಸರಾಗಿತ್ತು) ತಾನೇ ಕಾಯಿಸಿ ಬಡಿಸಲು ನಿಂತಳು. ನಡುವಿನ ದಪ್ಪ ತುಂಡು ಮೊದಲಿನಿಂದಲೂ ಹಿರಿಸೊಸೆಯ ಬಟ್ಟಲಿಗೆ ಬೀಳುತ್ತಿದ್ದದ್ದು. ಆ ದಿನ ಅದು ನಿಶ್ಮಿತಾಳ ಬಟ್ಟಲಿನ ಮೇಲಿಂದಲೇ ಹಾದು ಸನ್ನಿಧಿಯ ಬಟ್ಟಲಿಗೆ ಬಿತ್ತು.

"ಅವ್ಳ್ ಕೈಗುಣ ಕಾಣ್ ಮಗಾ," ಎಂದಳು ಅತ್ತೆ. "ಕಲ್ಲ್ ನೆಟ್ರೂ ಚಿಗುರತ್ತ್."

"ನಂದೆಂತ ಇಲ್ಲೆ ಅತ್ತೆ. ಎಲ್ಲ ಅಕ್ಕ ಹೇಳ್‌ಕೊಟ್ಟದ್ದ್," ಎಂದು ಸನ್ನಿಧಿ ತಲೆ ತಗ್ಗಿಸಿದಳು.

"ಹೇಳ್‌ಕೊಡುಕೆ ಯಾರಿಗಾರೂ ಬತ್ತ್."

ಅತ್ತೆ ಅದನ್ನು ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಹೇಳಿದಳು. ಆದರೆ ನಿಶ್ಮಿತಾ ಕಲಸಿದ್ದ ಅನ್ನವನ್ನು ಬದಿಗೆ ತಳ್ಳಿದಳು. ಬಾಲದ ತುಂಡನ್ನು ಬಟ್ಟಲಲ್ಲೇ ಬಿಟ್ಟು, ಡ್ಯೂಟಿಗೆ ಹೊತ್ತಾಯಿತೆಂದು ಎದ್ದು ಹೋದಳು.

ಪಂಪುಮನೆಯಲ್ಲಿ ಅವಳೊಬ್ಬಳೇ. ಪರದೆಯ ಮೇಲೆ ಮನೆಯ ಗದ್ದೆ ಹಸಿರು ಬಣ್ಣದಲ್ಲಿ ತಣ್ಣಗೆ ಕೂತಿತ್ತು. ಅವಳು ಏನನ್ನೂ ಯೋಚಿಸಲಿಲ್ಲ. ಹೋಗಿ ಗಾಲಿ ತಿರುಗಿಸಿದಳು. ಬಿಗಿಯಾಗಿದ್ದ ಗಾಲಿ ಕಿರುಗುಟ್ಟಿ ನಿಂತಿತು. ಪರದೆಯಲ್ಲಿ ಹೂಳು ತೊಳೆಯುತ್ತಿದೆ ಎಂಬ ಸೂಚನೆ ಬಂತು. ಯಂತ್ರಕ್ಕೆ ಅಷ್ಟೇ ಗೊತ್ತು, ದಿನ ಹೊತ್ತು ಬರೆದಿಡುವುದು ಗೊತ್ತಿಲ್ಲ. ನಡುಮಧ್ಯಾಹ್ನದ ಬಿಸಿಲಿಗೆ ಗದ್ದೆಯ ಹಸಿರು ಮೆಲ್ಲಗೆ ಹಳದಿಯಾಗಿ, ಆಮೇಲೆ ಕಿತ್ತಳೆಯಾಗುವುದನ್ನು ನೋಡುತ್ತ ಕೂತವಳಿಗೆ ಬೆಳಗಿನಿಂದ ಮೊದಲ ಬಾರಿಗೆ ಹಾಯೆನಿಸಿತು. ಬೇಯಲಿ, ಕೈಗುಣ ಎಷ್ಟಿದೆ ನೋಡುವ ಎಂದುಕೊಂಡಳು. ಅದು ತನ್ನದೇ ಮನೆಯ ಗದ್ದೆ ಎಂಬುದು ಆಗ ತಲೆಗೆ ಹೊಳೆಯಲೂ ಇಲ್ಲ.

ಸಂಜೆಗೆ ಮುಂಚೆ ಬಾಗಿಲಲ್ಲಿ ಸನ್ನಿಧಿ ನಿಂತಿದ್ದಳು. ಕೈಯಲ್ಲಿ ಡಬ್ಬಿ.

"ಅಕ್ಕ, ನೀವ್ ಸಮಾ ಉಂಡ್ದಿಲ್ಲೆ. ಒಂದ್ ತುಂಡ್ ತೆಗ್ದಿಟ್ಟಿದ್ದೆ, ನಿಮ್ಗೆ."

ತೆರೆದು ನೋಡಿದರೆ ನಡುವಿನ ತುಂಡು. ನಿಶ್ಮಿತಾಳಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸನ್ನಿಧಿ ಹೋದದ್ದೇ ಓಡಿಹೋಗಿ ಗಾಲಿ ತೆರೆದಳು. ಇನ್ನೆಂದೂ ಮುಟ್ಟುವುದಿಲ್ಲ ಎಂದು ಆಣೆಯನ್ನೂ ಹಾಕಿಕೊಂಡಳು.

ಹೊಟ್ಟೆಕಿಚ್ಚಿನವರ ಆಣೆ ಎಷ್ಟು ದಿನ ಬಾಳುತ್ತದೆ? ಪೇಪರಿನಲ್ಲಿ ಸನ್ನಿಧಿಯ ಫೋಟೋ ಬಂದ ದಿನ ಗಾಲಿ ಮತ್ತೆ ತಿರುಗಿತು. ಎರಡು ದಿನ ತಿರುಗಿತು. ಮೂರನೆಯ ದಿನ ಸನ್ನಿಧಿ ಜ್ವರದಲ್ಲಿ ಮಲಗಿದ್ದಾಗ ಅವಳ ಮುಖ ನೋಡಿ ಮರುಕ ಬಂದು, ಬಹುಕಾಲ ಗಾಲಿ ತೆರೆದೇ ಇತ್ತು. ಆಮೇಲೆ ಗಂಡನೇ ಊಟಕ್ಕೆ ಕೂತವನು "ಸನ್ನಿಧಿ ಗದ್ದೆ ಕಂಡ್ಯಾ, ನಿಮ್ಮ ಕೇಂದ್ರದ್ದ್ ಅದ್ರ್ ಮುಂದೆ ಎಂತದೂ ಅಲ್ಲ" ಎಂದ ಮೇಲೆ ಮತ್ತೆ ಬಂದ್. ಹೀಗೆ ಆ ಬೇಸಗೆಯುದ್ದಕ್ಕೂ ನಡೆಯಿತು. ಉರಿದರೆ ಬಂದ್, ನಾಚಿಕೆಯಾದರೆ ತೆರೆ.

ಗದ್ದೆ ಸೊರಗಿತು. ಎಲೆಯ ತುದಿ ಹಳದಿಯಾಯಿತು. ಸನ್ನಿಧಿ ದಿನವೂ ನೀರಿಗಿಳಿದು, ಸತ್ತ ಎಲೆ ಆರಿಸಿ, ಸಪ್ಪೆ ಮುಖ ಹೊತ್ತು ಬರುತ್ತಿದ್ದಳು. ಅತ್ತೆಗೆ ಕಾರಣ ಹುಡುಕಲು ಪ್ರಯೋಗಾಲಯವೇನೂ ಬೇಕಾಗಲಿಲ್ಲ.

"ಯಾರ್‌ದೋ ಕಣ್ಣ್ ಬಿದ್ದಿತ್ತ್. ಗದ್ದಿಗಲ್ಲ, ಅವ್ಳ್ ಕೈಗೆ," ಎಂದಳು. "ನಿಶ್ಮಿತಾ, ದೊಡ್ಡ ಸೊಸೆ ನೀನ್. ನೀನೇ ದೃಷ್ಟಿ ತೆಗಿ."

ಇಂಡಕ್ಷನ್ ಒಲೆಯ ಮೇಲೆ ದೃಷ್ಟಿ ತೆಗೆಯಲಾಗುವುದಿಲ್ಲ. ಅಂಗಳದಲ್ಲಿ ತೆಂಗಿನ ಗೆರಟೆ ಹೊತ್ತಿಸಿದರು. ಸನ್ನಿಧಿ ಮಣೆಯ ಮೇಲೆ ಕೂತು ಎರಡೂ ಕೈ ಮುಂದೆ ಚಾಚಿದಳು. ನಿಶ್ಮಿತಾ ಮುಷ್ಟಿಯಲ್ಲಿ ಉಪ್ಪು, ಒಣಮೆಣಸು ಹಿಡಿದು ನಿವಾಳಿಸಿದಳು. ಕೆಸರಿನಲ್ಲಿ ನೆಂದು ನೆಂದು ಬಿರುಕುಬಿಟ್ಟ ಬೆರಳುಗಳನ್ನು ನೋಡುತ್ತ, ತನ್ನದೇ ದೃಷ್ಟಿಯನ್ನು ತಾನೇ ತೆಗೆಯುತ್ತಿರುವ ಕರ್ಮಕ್ಕೆ ಒಳಗೊಳಗೇ ಕುಗ್ಗಿದಳು. ಮೆಣಸು ಬೆಂಕಿಗೆ ಬಿದ್ದಾಗ ಘಾಟು ಬಾರದಿದ್ದರೆ ಕಣ್ಣು ಜೋರಾಗಿ ಬಿದ್ದಿದೆ ಎಂದು ಅರ್ಥ. ಘಾಟು ಬರಲಿಲ್ಲ. "ಕಂಡ್ಯಾ!" ಎಂದಳು ಅತ್ತೆ. ಅಲ್ಲಿಂದ ಬೇಸಗೆ ಮುಗಿಯುವವರೆಗೆ ನಿಶ್ಮಿತಾ ಗಾಲಿ ಮುಟ್ಟಲಿಲ್ಲ. ಹುಲ್ಲು ಚೇತರಿಸಿಕೊಂಡಿತು.

ಮರುವರ್ಷದ ಬೇಸಗೆ ಎಂಥದೆಂದರೆ ಹಿಂದಿನವೆಲ್ಲ ಅದರ ಮುಂದೆ ಚಳಿಗಾಲ. ಅಳಿವೆಯ ನೀರಿಗೆ ಕಾಲಿಟ್ಟರೆ ಬಚ್ಚಲ ಹಂಡೆಗೆ ಇಟ್ಟಂತೆ. ಅದೇ ಹೊತ್ತಿಗೆ ದೊಡ್ಡ ಪಂಪು ಸುಟ್ಟುಹೋಯಿತು. ಬಿಡಿಭಾಗ ದೂರದ ಬಂದರಿನಿಂದ ಬರಬೇಕು. ಬರುವಷ್ಟರಲ್ಲಿ ಪರದೆಯ ಮೇಲಿನ ಗದ್ದೆಗಳು ಒಂದರ ಹಿಂದೊಂದು ಕೆಂಪಾಗಿ, ಕಪ್ಪಾದವು. ನಿಶ್ಮಿತಾ ಮಗುವಿನಂತೆ ಸಾಕಿದ ಮಾದರಿ ಗದ್ದೆ ಎಲ್ಲಕ್ಕಿಂತ ಮೊದಲು ಹೋಯಿತು. ಒಂದು ಗಳಿಗೆಯೂ ತಂಪು ತಪ್ಪಿರದ ಹುಲ್ಲು ಕೊಳೆತ ಸೊಪ್ಪಿನಂತೆ ಮೇಲೆ ತೇಲಿಬಂತು. ದಂಡೆಯಲ್ಲಿ ಹೆಂಗಸರು ಗೋಳೋ ಎಂದು ಅತ್ತರು.

ಒಂದೇ ಒಂದು ಗದ್ದೆ ಉಳಿಯಿತು. ಸನ್ನಿಧಿಯದು.

ಕೇಂದ್ರದ ಮುಖ್ಯಸ್ಥೆ, ಭಟ್ಕಳದ ಡಾಕ್ಟರ್ ಹಫ್ಸಾ, ಉಳಿದ ಹುಲ್ಲಿನ ಎಲೆ ಕಿತ್ತು ಪರೀಕ್ಷಿಸಿದರು. ನಿಶ್ಮಿತಾಳನ್ನು ಪ್ರಯೋಗಾಲಯಕ್ಕೆ ಕರೆಸಿದರು.

"ವಿಚಿತ್ರ ನೋಡಿ. ಈ ಹುಲ್ಲು ಮೊದಲೇ ಬಿಸಿ ಕಂಡು ಪಳಗಿದ ಹಾಗಿದೆ. ಹೋದ ವರ್ಷ ಆ ಗದ್ದೆಗೆ ತಣ್ಣೀರು ನಿಂತಿತ್ತಾ?"

ನಿಶ್ಮಿತಾ ಎಲೆಯ ಕಡೆ ನೋಡಲಿಲ್ಲ. "ಇಲ್ಲ ಮೇಡಂ. ಹೂಳು ತೊಳೀಲಿಕ್ಕೆ ಒಂದ್ ಗಳಿಗೆ, ಅಷ್ಟೇ."

ಹಫ್ಸಾ ನಂಬಿದರು. ಹಾಗಾದರೆ ಅದು ಹುಟ್ಟಿನಿಂದಲೇ ಗಟ್ಟಿ ತಳಿಯಾಗಿರಬೇಕು, ಸನ್ನಿಧಿಯ ಆರೈಕೆ ಅದನ್ನು ಇನ್ನಷ್ಟು ಗಟ್ಟಿ ಮಾಡಿರಬೇಕು ಎಂದು ತೀರ್ಮಾನಿಸಿದರು. ಯೋಜನೆ ಸಿದ್ಧವಾಯಿತು. ಆ ಗದ್ದೆಯನ್ನು ಪೂರ್ತಿ ಕಿತ್ತು ಸಣ್ಣ ಸಣ್ಣ ಹಿಡಿ ಮಾಡಿ ಇಡೀ ಅಳಿವೆಗೆ ನೆಡುವುದು, ನೆಡುವ ಉಸ್ತುವಾರಿ ಸನ್ನಿಧಿಗೆ ಕೊಡುವುದು, ಇನ್ನೊಂದು ಪಂಪು ತರಿಸಿ ಹಗಲೂ ರಾತ್ರಿ ತಣ್ಣೀರು ಬಿಡುವುದು. ಆ ಹುಲ್ಲಿಗೆ ಹೆಸರನ್ನೂ ಇಟ್ಟರು, "ಸನ್ನಿಧಿ ತಳಿ" ಎಂದು. ಬಸ್‌ಸ್ಟ್ಯಾಂಡಿನಲ್ಲಿ ಬ್ಯಾನರ್ ಬಿತ್ತು. ಅದರ ಅಡಿಯಲ್ಲೇ ನಿಂತು ನಿಶ್ಮಿತಾ ದಿನವೂ ಬಸ್ಸಿಗೆ ಕಾಯಬೇಕಾಗಿತ್ತು. ನಾನು ಕೆಡಿಸಲು ಹೊರಟದ್ದೂ ಅವಳಿಗೇ ಒಳ್ಳೆಯದಾಯಿತಲ್ಲ ಎಂದು ಅವಳ ಮೈಯೆಲ್ಲ ಉರಿಯಿತು.

ನೆಡುವ ಮೊದಲು ಪರೀಕ್ಷೆಗೆಂದು ಕೆಲವು ಹಿಡಿಗಳನ್ನು ಕೇಂದ್ರದ ತೊಟ್ಟಿಯಲ್ಲಿ ಮಳೆಗಾಲ, ಚಳಿಗಾಲ ಎರಡೂ ಗದ್ದೆಗಿಂತ ತಣ್ಣಗೆ, ಬಿಸಿಯ ಸೋಂಕೇ ಇಲ್ಲದಂತೆ ಬೆಳೆಸಿದರು. ಸೊಂಪಾಗಿ ಬೆಳೆದವು. ಒಂದು ದಿನ ಕರೆಂಟು ಹೋಗಿ ತೊಟ್ಟಿಯ ನೀರು ಬಿಸಿಲಿಗೆ ಕಾಯಿತು. ನಿಶ್ಮಿತಾ ಊಟ ಮುಗಿಸಿ ಬಂದು ನೋಡುವಷ್ಟರಲ್ಲಿ ಸನ್ನಿಧಿ ತಳಿಯೂ ಮಾದರಿ ಗದ್ದೆಯ ಹುಲ್ಲಿನಂತೆಯೇ ಮೇಲೆ ತೇಲುತ್ತಿತ್ತು. ಅದೇ ದಿನ ಹೊರಗೆ, ಬಿಡಿಭಾಗ ಬಂದರೂ ಪಂಪು ಇನ್ನೂ ಸರಿಯಾಗದೆ ತಣ್ಣೀರಿಲ್ಲದ ಸನ್ನಿಧಿಯ ಗದ್ದೆಯಲ್ಲಿ ಅದೇ ಹುಲ್ಲು ಅಲುಗದೆ ನಿಂತಿತ್ತು. ಕಿತ್ತು ತಂದ ಬೇರು ಹಿಡಿದಿರಲಿಲ್ಲ ಎಂದು ಹಫ್ಸಾ ಬರೆದುಕೊಂಡರು. ನಿಶ್ಮಿತಾಳಿಗೆ ಮಾತ್ರ ನಿಜ ಹೊಳೆಯಿತು. ಹುಲ್ಲನ್ನು ಉಳಿಸಿದ್ದು ತಳಿಯಲ್ಲ, ಆರೈಕೆಯಲ್ಲ. ತಾನು ಕೊಟ್ಟ ಬಿಸಿ. ಅದನ್ನು ಸುಖವಾಗಿ ಇಟ್ಟರೆ ಮರೆತುಬಿಡುತ್ತದೆ. ಉಳಿದಿರುವ ಒಂದೇ ಗದ್ದೆಯನ್ನೂ ಕಿತ್ತು, ಹರಡಿ, ತಂಪಿನಲ್ಲಿ ಮೆರೆಸಿ, ಮುಂದಿನ ದೊಡ್ಡ ಬಿಸಿಗೆ ಒಪ್ಪಿಸಿದರೆ ಅಳಿವೆಯಲ್ಲಿ ಬೀಜಕ್ಕೂ ಹುಲ್ಲು ಉಳಿಯುವುದಿಲ್ಲ.

ಆದರೂ ಅವಳು ಬಾಯಿ ಬಿಡಲಿಲ್ಲ. ಬಿಟ್ಟರೆ ಕೆಲಸ ಹೋಗುತ್ತದೆ, ಮನೆಯಲ್ಲಿ ಮಾನ ಹೋಗುತ್ತದೆ. ಇನ್ನೂ ಕೆಳಗೆ, ಕೆಸರಿನಡಿ, ಮತ್ತೊಂದು ಯೋಚನೆ ಇತ್ತು. ಎಲ್ಲ ಸತ್ತರೆ ಸಾಯಲಿ, ಬ್ಯಾನರಾದರೂ ಇಳಿಯುತ್ತದೆ. ಆ ಯೋಚನೆ ಬಂದದ್ದಕ್ಕೆ ಅವಳೇ ಬೆಚ್ಚಿಬಿದ್ದಳು.

ನೆಡುವುದಕ್ಕೆ ವಾರವಿದ್ದಾಗ ಸನ್ನಿಧಿ ಬಾವಿಕಟ್ಟೆಯ ಹತ್ತಿರ ಅವಳನ್ನು ಹಿಡಿದು ನಿಲ್ಲಿಸಿದಳು.

"ಅಕ್ಕ, ನಂಗೆ ಹೆದ್ರಿಕಿ ಆತ್ತ್. ಕೈಗುಣ ಕೈಗುಣ ಅಂದ್ ಊರೇ ಹೇಳತ್ತ್. ನಾನ್ ಎಂತದೂ ಮಾಡ್ದಿಲ್ಲೆ, ಅದ್ ಯಾಕ್ ಉಳ್ದಿತ್ತ್ ಅಂದೇ ಗೊತ್ತಿಲ್ಲೆ. ನಾಳೆ ನಾನ್ ನೆಟ್ಟದ್ದೆಲ್ಲ ಸತ್ತ್ರೆ? ಇದೇ ಬಾಯಿ ನನ್ನ ಬಿಡತ್ತಾ?"

ಅವಳ ಕಣ್ಣಲ್ಲಿ ನೀರು ತುಂಬಿತ್ತು. ಇಷ್ಟು ದಿನ ತಾನು ಕರುಬಿದ್ದು ಈ ಹೆದರಿಕೆಯನ್ನೇ ಎಂದು ನಿಶ್ಮಿತಾಳಿಗೆ ಆಗ ಕಂಡಿತು. ಅಲ್ಲಿಂದಲೇ ಕೇಂದ್ರದ ಕಡೆ ನಡೆದಳು.

"ನೀರು ನಾನೇ ಬಂದ್ ಮಾಡಿದ್ದೆ ಮೇಡಂ, ಪಂಪು ಸುಡುವ ಹಿಂದಿನ ಬೇಸಗೆಯೆಲ್ಲ," ಎಂದಳು ಹಫ್ಸಾರ ಎದುರು ನಿಂತು. "ಆಗಾಗ."

ಹಫ್ಸಾ ಕುರ್ಚಿಯಿಂದ ಎದ್ದೇಬಿಟ್ಟರು. ಅವರಿಗೆ ಬಂದದ್ದು ಸಿಟ್ಟಲ್ಲ, ಹಿಗ್ಗು.

"ಹಾಗೆ ಹೇಳಿ! ಬಿಸಿ ತಟ್ಟಿದಾಗ ಗಿಡ ತನ್ನೊಳಗೇ ಕಾವಲಿನ ಪ್ರೋಟೀನು ಮಾಡಿಕೊಳ್ಳುತ್ತದೆ. ತಂಪಾದರೆ ಮಾಡುವುದನ್ನು ನಿಲ್ಲಿಸುತ್ತದೆ. ಆದರೆ ಯಾವ ಜೀನನ್ನು ಎಬ್ಬಿಸಿತ್ತು ಎಂಬ ಗುರುತು ಸ್ವಲ್ಪಕಾಲ ಉಳಿದಿರುತ್ತದೆ. ಮುಂದಿನ ಬಿಸಿಗೆ ಅದು ಬೇಗ ಎದ್ದು ನಿಲ್ಲುತ್ತದೆ. ಬಿಡುವು ಕೊಡದೆ ಬಿಸಿ ಮಾಡಿದರೆ ಸಾಯುತ್ತದೆ, ಬರೀ ಬಿಡುವೇ ಕೊಟ್ಟರೆ ಮರೆಯುತ್ತದೆ. ಕೇಳದೆ ಪ್ರಯೋಗ ಮಾಡಿದ್ದು ತಪ್ಪು ನಿಶ್ಮಿತಾ, ಆದರೆ ಎಂಥ ಪ್ರಯೋಗ! ತಳಿಯ ಹೆಸರು ಬದಲಾಯಿಸೋಣ. ನಿಮ್ಮ ಹೆಸರೇ ಇಡೋಣ."

ಬಸ್‌ಸ್ಟ್ಯಾಂಡಿನ ಬ್ಯಾನರಿನ ಮೇಲೆ ತನ್ನ ಹೆಸರು! ನಿಶ್ಮಿತಾಳ ಬಾಯಲ್ಲಿ ನೀರೂರಿತು. ಹೌದು ಮೇಡಂ ಎಂದರೆ ಸಾಕಿತ್ತು.

ಹಫ್ಸಾ ಪೆನ್ನು ತೆಗೆದರು. "ಈಗ ಹೇಳಿ. ಯಾವ ಲೆಕ್ಕದಲ್ಲಿ ಬಂದ್ ಮಾಡಿದಿರಿ? ಎಷ್ಟು ಬಿಸಿ, ನಡುವೆ ಎಷ್ಟು ಬಿಡುವು? ಅದೊಂದು ತಪ್ಪಿದರೆ ಉಳಿದ ಗದ್ದೆಯನ್ನೂ ನಾವೇ ಕೊಂದ ಹಾಗೆ."

ಬಾಯಿಗೆ ಬಂದ ಲೆಕ್ಕ ಹೇಳಬಹುದಾಗಿತ್ತು. ಹುಲ್ಲು ಮಾತ್ರ ಅದನ್ನು ನಂಬುತ್ತಿರಲಿಲ್ಲ. ನಿಶ್ಮಿತಾ ನೆಲ ನೋಡಿದಳು. ಕೇಂದ್ರದ ಭಾಷೆ ಮರೆತು ಮನೆಯ ಮಾತೇ ಬಂತು.

"ಲೆಕ್ಕ ಇಲ್ಲೆ ಮೇಡಂ. ಹೊಟ್ಟೆ ಉರ್ದ್ ದಿನ ಬಂದ್ ಮಾಡ್ತಿದ್ದೆ. ಪಾಪ ಕಂಡ್ ದಿನ ತೆರೀತಿದ್ದೆ."

ಹಫ್ಸಾರ ಪೆನ್ನು ನಿಂತಿತು. ಹೆಸರಿಡುವ ಮಾತನ್ನು ಮತ್ತೆ ಎತ್ತದೆ, "ಹಾಗಾದರೆ ಸನ್ನಿಧಿಯನ್ನು ಕರೆಯಬೇಕಾಗುತ್ತದೆ. ನಿಮಗೆ ಉರಿದ ದಿನಗಳೆಲ್ಲ ಅವರಿಗೆ ಸಂಬಂಧಪಟ್ಟ ದಿನಗಳಲ್ಲವೇ?" ಎಂದರು.

ಸನ್ನಿಧಿ ಬಂದಳು. ನಿಶ್ಮಿತಾ ಅವಳ ಎದುರೇ ಎಲ್ಲ ಹೇಳಿದಳು. ಕಾಣೆ ಮೀನಿನ ದಿನ, ಫೋಟೋದ ದಿನ, ಗಂಡ ಹೊಗಳಿದ ದಿನ. ಪ್ರತಿಯೊಂದು ದಿನವನ್ನೂ ಬಾಯಿಬಿಟ್ಟು ಹೇಳುವುದು ಎಲ್ಲರೆದುರು ಸೀರೆ ಬಿಚ್ಚಿದಂತಿತ್ತು. ಸನ್ನಿಧಿಯ ಮುಖ ಮೊದಲು ಬಿಳುಚಿ, ಆಮೇಲೆ ಕೆಂಪಾಯಿತು.

"ನನ್ನ ಕೈಗೆ ಉಪ್ಪು ಮೆಣ್ಸ್ ನಿವಾಳ್ಸಿದ್ದ್ ನೀವೇ ಅಲ್ದಾ?" ಎಂದಳು. "ನಾನ್ ಅಷ್ಟ್ ದಿನ ಗದ್ದಿ ನೀರಂಗೆ ನಿಂತ್ ಕಣ್ಣೀರ್ ಹಾಕಿ ಮರ್ಕಿದ್ದೆ. ನನ್ನಿಂದಲೇ ತಪ್ಪಾಯ್ತ್ ಅಂದ್."

ಸನ್ನಿಧಿ ಸೆರಗಿನಿಂದ ಮುಖ ಒರೆಸಿಕೊಂಡು ಹಫ್ಸಾರ ಕಡೆ ತಿರುಗಿದಳು.

"ಒಂದ್ ದಿನ ಬಿಟ್ರ್ ಮೇಡಂ. ಟೀವಿಯವ್ರ್ ಬಂದ್ ದಿನ. ಅತ್ತೆ ನಂಗೆ ತನ್ನ ಜರಿ ಸೀರೆ ಉಡ್ಸಿದ್ರ್. ಅವತ್ತ್ ಅಕ್ಕ ನನ್ನ ಮುಖವೇ ಕಂಡ್ದಿಲ್ಲೆ. ಅವತ್ತೂ ಬಂದ್ ಆಯಿರ್ಕ್."

ಆಗಿತ್ತು. ನಿಶ್ಮಿತಾ ಮರೆತಿದ್ದಳು. "ನಿಂಗೆ ಗೊತ್ತಿತ್ತಾ?" ಎಂದಳು ಪಿಸುದನಿಯಲ್ಲಿ.

"ಗಾಲಿ ಗೊತ್ತಿಲ್ಲೆ ಅಕ್ಕ. ನಿಮ್ಮ ಹೊಟ್ಟೆ ಗೊತ್ತಿತ್ತ್."

ಆ ದಿನ ಇಬ್ಬರೂ ಎದುರುಬದುರು ಕೂತು ಇಡೀ ಬೇಸಗೆಯನ್ನು ಮತ್ತೆ ಹೊಂದಿಸಿದರು. ಒಬ್ಬಳು ಮರೆತದ್ದನ್ನು ಇನ್ನೊಬ್ಬಳು ಹೇಳಿದಳು. ಹಫ್ಸಾ ಅದರಿಂದ ಒಂದು ಕ್ರಮ ಮಾಡಿದರು. ಇಷ್ಟು ದಿನ ಬಿಸಿ, ಇಷ್ಟು ದಿನ ಬಿಡುವು. ಆಯಾ ದಿನ ಎಷ್ಟು ಹೊತ್ತು ಎಂಬುದನ್ನು ಮಾತ್ರ ಎಲೆಯ ಬಣ್ಣ ನೋಡಿ ಗಾಲಿಯ ಬಳಿ ಇರುವವರೇ ನಿರ್ಧರಿಸಬೇಕು. ನಿಶ್ಮಿತಾಳನ್ನು ಪಂಪುಮನೆಯಿಂದ ತೆಗೆದರು. ನೆಡಲು ಜನ ಸಾಲದ ಕಾರಣ ಒಂದು ಗದ್ದೆ ಕೊಟ್ಟರು. ಪಂಪುಮನೆಗೆ ಯಾರು ಎಂಬ ಮಾತು ಬಂದಾಗ ಸನ್ನಿಧಿ, "ನಾನ್ ಕಲೀತೆ" ಎಂದಳು. ಮನೆಯಲ್ಲಿ ಅತ್ತೆ ಹಿರಿಸೊಸೆಯ ಹತ್ತಿರ ಮಾತು ಬಿಟ್ಟಳು. ಸನ್ನಿಧಿಯೂ ಗದ್ದೆಯ ವಿಷಯಕ್ಕಷ್ಟೇ ಬಾಯಿ ತೆರೆಯುತ್ತಿದ್ದಳು.

ಹೊಸ ಬೇಸಗೆ ಬಂತು. ತನ್ನ ಕೈಯಿಂದ ನೆಟ್ಟ ಹುಲ್ಲು ಗೇಣುದ್ದ ಎದ್ದು ತೂಗುವುದನ್ನು ನೋಡಿ ನಿಶ್ಮಿತಾ ದಿನಕ್ಕೆ ಹತ್ತು ಸಲ ನೀರಿಗಿಳಿಯುತ್ತಿದ್ದಳು. ಮೊದಲ ಬಾರಿ ತಣ್ಣೀರು ನಿಲ್ಲಿಸುವ ದಿನ ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದ. ನೋಡನೋಡುತ್ತ ಎಲೆಗಳು ಒಂದು ಬದಿಗೆ ವಾಲಿದವು. ಅವಳು ಬಗ್ಗಿ ಅವನ್ನು ನೆಟ್ಟಗೆ ಎತ್ತಿಹಿಡಿದಳು, ನಿಲ್ಲಲಿಲ್ಲ. ಸನ್ನಿಧಿ ನೀರಿನಲ್ಲಿ ನಿಂತು ಅತ್ತದ್ದು ಯಾಕೆಂದು ಅವಳಿಗೆ ಈಗ ತಿಳಿಯಿತು.

ದಂಡೆಯ ಮೇಲೆ, ಪಂಪುಮನೆಯ ಬಾಗಿಲಲ್ಲಿ ಸನ್ನಿಧಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ಸನ್ನಿಧೀ, ಎಲೆ ಬಾಡ್ತಾ ಇತ್ತ್! ಯಾವಾಗ ತೆರೂದ್?" ಎಂದು ನಿಶ್ಮಿತಾ ಕೂಗಿದಳು.

"ನನ್ನ ಸಿಟ್ಟ್ ಇಳ್ದ್ ಮೇಲೆ ಅಕ್ಕ!"

ಬೇಗ ಇಳಿಸಿಕೊ ಮಾರಾಯ್ತಿ ಎಂದು ಬೇಡಿಕೊಳ್ಳಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡಳು. ಅದು ಅಷ್ಟು ಬೇಗ ಇಳಿದರೆ ಹುಲ್ಲು ಗಟ್ಟಿಯಾಗುವುದಿಲ್ಲ.